ಫಿಂಚಿನ ನಾಟಕ

ನಮಗೊಂದು ಸೀನು ಬಂದರೆ ಸಾಕು, ಊರಿಗೆಲ್ಲ ಸುದ್ದಿ, ಆಫೀಸಿಗೆ ರಜೆ. ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚ್ ಹಾಗಲ್ಲ. ಸುಮಾರು 12 ಗ್ರಾಂ ತೂಗುವ ಈ ಹಕ್ಕಿ ಪ್ರಾಣ ಹೋಗುವಂತಿದ್ದರೂ "ನನಗೇನಾಗಿದೆ?" ಎಂಬ ಮುಖ ಹೊತ್ತಿರುತ್ತದೆ. ಬಯಲಲ್ಲಿ ಸುಸ್ತು ತೋರಿಸಿದವನೇ ಗಿಡುಗನ ಊಟ. ಆ ಭಯ ಪಂಜರಕ್ಕೆ ಬಂದರೂ ಬಿಟ್ಟಿಲ್ಲ. ನೀವು ಹತ್ತಿರ ಹೋದರೆ ಸೆಟೆದು ಕೂರುತ್ತದೆ.

ಹಾಗಾಗಿ ಪತ್ತೇದಾರಿಕೆ ದೂರದಿಂದಲೇ ನಡೆಯಬೇಕು. ಹಗಲಲ್ಲೇ ಗರಿ ಉಬ್ಬಿಸಿ ಉಂಡೆಯಾಗಿ ತೂಕಡಿಸುತ್ತಿದೆಯೇ? ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದೆಯೇ? ಉಸಿರಲ್ಲಿ ಟಿಕ್ ಟಿಕ್ ಸದ್ದೇ? ಕೊಂಬೆ ಬಿಟ್ಟು ನೆಲ ಹಿಡಿದಿದೆಯೇ? ನಾಟಕ ಬಯಲಾಯಿತು ಅನ್ನಿ. ನವಣೆ ಬಟ್ಟಲು ತುಂಬಿದೆಯೆಂದು ನಂಬಬೇಡಿ, ಒಮ್ಮೆ ಊದಿ ನೋಡಿ. ಹಾರಿಹೋದರೆ ಅದು ಬರೀ ಹೊಟ್ಟು!

ಆಮೇಲೆ? ಜೊತೆಗಾರರಿಂದ ಬೇರೆ ಮಾಡಿ, ಚಿಕ್ಕ ಪಂಜರದಲ್ಲಿ ಸುಮಾರು 30 ಡಿಗ್ರಿ ಬೆಚ್ಚಗಿಡಿ. ಕಾಳು, ನೀರು ಕೊಕ್ಕಿಗೆ ಎಟುಕುವಂತಿರಲಿ. ಅಂದೇ ಹಕ್ಕಿಗಳ ವಿಚಾರ ಬಲ್ಲ ಪಶುವೈದ್ಯರಿಗೆ ತೋರಿಸಿ. ಪಕ್ಕದ ಮನೆಯವರ ಕಷಾಯ, ಕಪಾಟಿನಲ್ಲಿ ಉಳಿದ ಆ್ಯಂಟಿಬಯೋಟಿಕ್ ಎರಡೂ ಬೇಡ. "ನಾಳೆ ನೋಡೋಣ" ಎಂಬ ನಮ್ಮ ಸರ್ವರೋಗ ನಿವಾರಕ ಔಷಧವಂತೂ ಫಿಂಚಿಗೆ ಒಗ್ಗುವುದೇ ಇಲ್ಲ.