ಹೆಸರು ಹಿಡಿದು ಕರೆದರೆ ಮಾತ್ರ

ಸ್ಮಾರ್ಟ್ ಸ್ಪೀಕರ್ ಹೆಸರಿಗಷ್ಟೇ ಸ್ಪೀಕರ್. ಅದರ ನಿಜವಾದ ಕಸುಬು ಕೇಳಿಸಿಕೊಳ್ಳುವುದು. 2014ರ ನವೆಂಬರಿನಲ್ಲಿ ಅಮೆಜಾನ್ ಅಮೆರಿಕದಲ್ಲಿ ಬಿಟ್ಟ ಮೊದಲ 'ಎಕೋ'ದ ನೆತ್ತಿಯಲ್ಲಿ ಏಳು ಮೈಕುಗಳಿದ್ದವು. ಸಂಸಾರಸ್ಥರಿಗೆ ಇರುವ ಎರಡು ಕಿವಿಗಳೇ ಕೆಲವೊಮ್ಮೆ ಹೆಚ್ಚೆನಿಸುವಾಗ ಏಳು ಯಾಕೆ ಬೇಕಾಯಿತು? ಮಾತು ಯಾವ ಕಡೆಯಿಂದ ಬಂತೆಂದು ತಿಳಿಯುವುದಕ್ಕೆ.

ಸೋಫಾದಿಂದ ಹೊರಟ ಮಾತು ಹತ್ತಿರದ ಮೈಕನ್ನು ಮೊದಲು ಮುಟ್ಟಿ, ಆಚೆ ಬದಿಯದನ್ನು ಆಮೇಲೆ ಮುಟ್ಟುತ್ತದೆ. ಎರಡರ ನಡುವೆ ಏಳೆಂಟು ಸೆಂಟಿಮೀಟರ್ ಅಂತರವಿದ್ದರೆ ವ್ಯತ್ಯಾಸ ಸುಮಾರು ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಪಾಲು. ಯಂತ್ರಕ್ಕೆ ಅಷ್ಟು ಸುಳಿವು ಧಾರಾಳ. ಆ ವ್ಯತ್ಯಾಸವನ್ನು ಸರಿದೂಗಿಸಿ ಎಲ್ಲ ಮೈಕುಗಳ ದನಿಯನ್ನು ಕೂಡಿಸಿದಾಗ ಸೋಫಾದ ಮಾತು ಮೇಲೇಳುತ್ತದೆ, ಅಡುಗೆಮನೆಯ ಮಿಕ್ಸಿ ತಗ್ಗುತ್ತದೆ. ಗೋಡೆಗೋಡೆಗೂ ಬಡಿದು ಎಲ್ಲ ಕಡೆಯಿಂದ ನುಗ್ಗುವ ಕುಕ್ಕರ್ ಸೀಟಿ ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇನ್ನೂ ಕಷ್ಟದ ಕೆಲಸವೆಂದರೆ ತನ್ನದೇ ಸದ್ದಿನಿಂದ ಪಾರಾಗುವುದು. ತಾನು ನುಡಿಸುತ್ತಿರುವ ಹಾಡು ಯಾವುದೆಂದು ಅದಕ್ಕೆ ಗೊತ್ತಲ್ಲ. ಮೈಕಿಗೆ ಬಿದ್ದದ್ದರಲ್ಲಿ ಅದನ್ನು ಕಳೆದು, ಉಳಿದದ್ದಕ್ಕೆ ಕಿವಿಗೊಡುತ್ತದೆ. ತಾನು ಮಾತಾಡುತ್ತಿರುವಾಗಲೇ ಎದುರಿನವರ ಮಾತನ್ನೂ ಕೇಳಿಸಿಕೊಳ್ಳುವ ಈ ವಿದ್ಯೆ ಟೀವಿ ಚರ್ಚೆಗೆ ಕೂರುವವರಿಗೆ ಇನ್ನೂ ಸಿದ್ಧಿಸಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡರೂ ಅದಕ್ಕೆ ಅರ್ಥವಾಗುವುದು ಏನೂ ಇಲ್ಲ. ಡಬ್ಬಿಯೊಳಗಿನ ಚಿಪ್ ಸದಾಕಾಲ ಕಾಯುವುದು ಒಂದೇ ಒಂದು ಪದಕ್ಕೆ: ತನ್ನ ಹೆಸರಿಗೆ. ಹೆಸರು ಬರುವವರೆಗೆ ಕೇಳಿದ್ದನ್ನು ಅಳಿಸುತ್ತಾ ಹೋಗುತ್ತದೆ. ಆಸ್ತಿ ಪಾಲಿನ ಬಗ್ಗೆ ಅಣ್ಣತಮ್ಮಂದಿರು ಅರ್ಧ ಗಂಟೆ ಕಿತ್ತಾಡಿದರೂ ಅದರ ಪಾಲಿಗೆ ಅದು 'ಹೆಸರಲ್ಲ, ಹೆಸರಲ್ಲ, ಹೆಸರಲ್ಲ' ಅಷ್ಟೇ. ಎಕೋ ಓಗೊಡುವ 'ಅಲೆಕ್ಸಾ' ಎಂಬ ಹೆಸರು ಆರಿಸಿದ್ದಕ್ಕೆ ಅದರ ನಡುವಿನ 'ಕ್ಸ' ಒಂದು ಕಾರಣ. ಅಂಥ ಗಡಸು ಸದ್ದನ್ನು ಸುತ್ತಲಿನ ಮಾತಿನಿಂದ ಬೇರ್ಪಡಿಸಿ ಗುರುತಿಸುವುದು ಸಲೀಸು.

ಆದರೆ ಹೆಸರು ಹಿಡಿದು ಕರೆದವರು ಮನೆಯವರೇ ಆಗಬೇಕೆಂದಿಲ್ಲ. 2017ರ ಏಪ್ರಿಲಿನಲ್ಲಿ ಅಮೆರಿಕದ ಬರ್ಗರ್ ಕಿಂಗ್ ಹದಿನೈದು ಸೆಕೆಂಡಿನ ಒಂದು ಜಾಹೀರಾತು ಬಿಟ್ಟಿತು. ಅದರಲ್ಲಿದ್ದ ನೌಕರ ಟೀವಿಯೊಳಗಿನಿಂದಲೇ 'ಓಕೆ ಗೂಗಲ್' ಎಂದು ಕೂಗಿ, ವೊಪ್ಪರ್ ಬರ್ಗರ್ ಎಂದರೇನು ಎಂದು ಕೇಳಿದ. ಮನೆಗಳಲ್ಲಿದ್ದ ಗೂಗಲ್ ಹೋಮ್ ಸ್ಪೀಕರುಗಳು ವಿನಯದಿಂದ ವಿಕಿಪೀಡಿಯ ಓದತೊಡಗಿದವು. ಕಿಡಿಗೇಡಿಗಳು ಸುಮ್ಮನಿರುತ್ತಾರೆಯೇ? ವಿಕಿಪೀಡಿಯದ ಪುಟಕ್ಕೇ ಹೋಗಿ ಬರ್ಗರಿನ ಸಾಮಗ್ರಿಗಳಲ್ಲಿ ಸಯನೈಡನ್ನೂ ಸೇರಿಸಿದರು. ಕೆಲವೇ ಗಂಟೆಗಳಲ್ಲಿ ಗೂಗಲ್ ಆ ಜಾಹೀರಾತಿನ ದನಿಗೆ ತನ್ನ ಯಂತ್ರಗಳು ಓಗೊಡದಂತೆ ಮಾಡಿತು.

ಹೆಸರು ಕೇಳಿದೊಡನೆ ದೀಪ ಹೊತ್ತುತ್ತದೆ. ಮುಂದಿನ ಮಾತು ಇಂಟರ್ನೆಟ್ ಹಿಡಿದು ಕಂಪನಿಯ ಸರ್ವರಿಗೆ ಹೋಗುತ್ತದೆ. ಅಲ್ಲಿ ಸದ್ದನ್ನು ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ಸಣ್ಣ ಹೆಜ್ಜೆಗಳಲ್ಲಿ ಅಳೆದು, ಇದು 'ಪ'ವೋ 'ಬ'ವೋ ಎಂದು ಸಂಭವನೀಯತೆಯ ಲೆಕ್ಕ ಹಾಕಲಾಗುತ್ತದೆ. ಅಕ್ಷರ ಅನುಮಾನವಾದರೆ ಅಕ್ಕಪಕ್ಕದ ಪದಗಳು ಸಾಕ್ಷಿ ಹೇಳುತ್ತವೆ. ಈ ಲೆಕ್ಕ ಕೂಡಿಬರಬೇಕಾದರೆ ಆ ಭಾಷೆಯ ಮಾತು ರಾಶಿರಾಶಿಯಾಗಿ ಮೊದಲೇ ಕಿವಿಗೆ ಬಿದ್ದಿರಬೇಕು. 2017ರಲ್ಲಿ ಇಂಗ್ಲಿಷ್ ಹಿಡಿದು ಭಾರತಕ್ಕೆ ಬಂದ ಅಲೆಕ್ಸಾ 2019ರಲ್ಲಿ ಹಿಂದಿ ಕಲಿತಳು. ಕನ್ನಡದಲ್ಲೋ, 'ಹಾಕು' ಎಂಬ ಒಂದೇ ಕ್ರಿಯಾಪದ ಮೈಸೂರಿನಲ್ಲಿ 'ಹಾಕ್ಬಿಡಿ', ಧಾರವಾಡದಲ್ಲಿ 'ಹಾಕ್ರೀ' ಆಗುತ್ತದೆ. ಕುಂದಾಪುರದ ಕಥೆ ಬೇರೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ನಡೆಸುತ್ತಿರುವ 'ವಾಣಿ' ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರಿಗೆ ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಿಸಿ ದಾಖಲು ಮಾಡಿಕೊಳ್ಳುತ್ತಿರುವುದು ಇಂಥ ಕೊರತೆ ತುಂಬುವುದಕ್ಕೇ.

ಪದಗಳು ಸಿಕ್ಕಿದ ಮೇಲೆ ಬಯಕೆ ಏನೆಂದು ಪತ್ತೆಯಾಗಬೇಕು. 'ಪ್ಲೇ ರಾಜ್‌ಕುಮಾರ್ ಸಾಂಗ್ಸ್' ಎಂದರೆ ಹಾಡು ಹಾಕಬೇಕೆಂಬುದು ಸ್ಪಷ್ಟ. ಯಾವ ರಾಜ್‌ಕುಮಾರ್? ಹಿಂದಿಯಲ್ಲಿ ಒಬ್ಬ ರಾಜ್ ಕುಮಾರ್ ಇದ್ದರು, ಒಬ್ಬ ರಾಜ್‌ಕುಮಾರ್ ರಾವ್ ಇದ್ದಾರೆ. ಕನ್ನಡದಲ್ಲೇ ಶಿವಣ್ಣ, ಅಪ್ಪು ಇಬ್ಬರ ಹೆಸರಿನಲ್ಲೂ ರಾಜ್‌ಕುಮಾರ್ ಉಂಟು. ಕೇಳಿದವರಿಗೆ ಇದರಲ್ಲಿ ಸಂಶಯವೇ ಇಲ್ಲ, ಅಣ್ಣಾವ್ರು. ಯಂತ್ರ ಮಾತ್ರ ಆ ಮನೆಯಲ್ಲಿ ಹಿಂದೆ ಕೇಳಿದ ಹಾಡುಗಳ ಜಾಡು ಹಿಡಿದು ತೀರ್ಮಾನಕ್ಕೆ ಬರಬೇಕು.

ಉತ್ತರವನ್ನು ಯಾರೂ ಮೊದಲೇ ಓದಿ ಇಟ್ಟಿರುವುದಿಲ್ಲ. ಬರಹವಾಗಿ ಸಿದ್ಧವಾದ ವಾಕ್ಯಕ್ಕೆ, ಒಬ್ಬ ಕಲಾವಿದೆಯ ದನಿಯಿಂದ ಪಳಗಿಸಿದ ತಂತ್ರಾಂಶ ಏರಿಳಿತ ತುಂಬಿ ಆಡಿಸುತ್ತದೆ. ಇದೆಲ್ಲ ಮುಗಿಯುವುದು ಒಂದೆರಡು ಸೆಕೆಂಡಿನಲ್ಲಿ. ತಿಳಿಯದಿದ್ದರೆ ಕ್ಷಮೆ ಕೇಳುತ್ತದೆ. ಆಗ ಮನೆಯ ಯಜಮಾನರು ಕಿವುಡರಿಗೆ ಹೇಳುವವರಂತೆ ಅದೇ ವಾಕ್ಯವನ್ನು ಎಳೆದೆಳೆದು, ಒಂದೊಂದೇ ಪದ ಬಿಡಿಸಿ ಕೂಗುತ್ತಾರೆ. ಅದು ಕಲಿತದ್ದು ಜನ ಸಹಜವಾಗಿ ಆಡುವ ಮಾತನ್ನು. ಬಿಡಿಸಿ ಕೂಗಿದಷ್ಟೂ ಸದ್ದಿನ ಚಹರೆ ಬದಲಾಗಿ, ಮೊದಲ ಸಲ ಅರ್ಧ ತಿಳಿದಿದ್ದೂ ತಿಳಿಯದೆ ಹೋಗಿ, ಯಜಮಾನರಿಗೆ ಇನ್ನೊಂದು ಕ್ಷಮೆ ಸಿಗುವುದೇ ಹೆಚ್ಚು.