ಆರ್ಕೆಸ್ಟ್ರಾ ವಿದ್ವಾನ್

ಬೆಳಿಗ್ಗೆ ಮಕ್ಕಳಿಗೆ ಸರಳೆ ವರಸೆ ಹೇಳಿಕೊಟ್ಟು ಸಂಜೆ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವ ಗಾಯಕರಿಗೆ ಆರ್ಕೆಸ್ಟ್ರಾ ವಿದ್ವಾನ್ ಎನ್ನಬಹುದು. ಮೈಸೂರಿನ ಬಹುತೇಕ ಬಡಾವಣೆಗಳಲ್ಲಿರುವ ಈ ತಳಿ ಕುಂಬಾರಕೊಪ್ಪಲಿನಲ್ಲಿ ಚೆನ್ನಾಗಿಯೇ ಬಲಿತಿದೆ. ಸೀನಿಯರ್ ಪರೀಕ್ಷೆ ಪಾಸಾಗಿರುತ್ತದೆ. ವಿದ್ವತ್ ಯಾವಾಗಲೂ ಮುಂದಿನ ವರ್ಷ. ಮೇಲೆ ರೇಷ್ಮೆ ಜುಬ್ಬಾ, ಕೆಳಗೆ ಜೀನ್ಸ್. ಫ್ಲಾಸ್ಕಿನಲ್ಲಿ ಬಿಸಿನೀರು. ಸಾಧನೆಯ ಹೊತ್ತು ನಸುಕಿನ ಐದು ಗಂಟೆ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಮಂದ್ರದ ಷಡ್ಜ ಮಂಚದ ಕಾಲಿನಿಂದಲೇ ಏರಿ ಬರುತ್ತದೆ. ಇದು ಊಹೆಯ ಮಾತಲ್ಲ.

ಇವರ ಮುಖ್ಯ ಲಕ್ಷಣ, ಯಾವ ಹಾಡನ್ನೂ ಇದ್ದ ಹಾಗೆ ಹಾಡದಿರುವುದು. ಒಂದು ಗಣೇಶೋತ್ಸವದಲ್ಲಿ ಹುಡುಗರು "ಮೇಷ್ಟ್ರೇ, ಕುಣಿಯೋ ಹಾಡು ಹೇಳಿ" ಎಂದು ಚೀಟಿ ಕಳಿಸಿದರು. "ಹೇಳೋಣಪ್ಪ. ಇದು ಷಣ್ಮುಖಪ್ರಿಯ, ಐವತ್ತಾರನೇ ಮೇಳಕರ್ತ" ಎಂದು ಶುರುಮಾಡಿ ಆರೋಹಣ, ಅವರೋಹಣ ತೋರಿಸಿ, ಆಲಾಪನೆಗಿಳಿದರು. ಹುಡುಗರು ಕಾಲು ಎತ್ತಿದವರು ಎತ್ತಿದ ಹಾಗೇ ಕಾದರು. ಕೊನೆಗೂ ಹಾಡು ಬಂತು. ಎರಡನೇ ಚರಣಕ್ಕೆ ಅದರೊಳಗೆ ಕಲ್ಪನಾಸ್ವರವೂ ಬಂತು. ರಿದಂ ಪ್ಯಾಡಿನವನು ಮಾತ್ರ ತಮಟೆ ಏಟು ನಿಲ್ಲಿಸಲಿಲ್ಲ. ಹುಡುಗರು ಅದಕ್ಕೇ ಕುಣಿದು ಸಿಳ್ಳೆ ಹೊಡೆದರು. ಮುಂದಿನ ಸಾಲಿನಲ್ಲಿದ್ದ ಹಿರಿಯ ವಿದ್ವಾಂಸರು ಶಾಲು ಕೊಡವಿ ಎದ್ದು ಹೋದರು. ಮಾರನೆಯ ದಿನ ಕೇರಿಯ ತುಂಬ ಇವರದೇ ಮಾತು: ಕುಂಬಾರಕೊಪ್ಪಲಿನ ಹುಡುಗರು ಕಲ್ಪನಾಸ್ವರಕ್ಕೆ ಸಿಳ್ಳೆ ಹೊಡೆದರಂತೆ!

ಆಕ್ಷೇಪಿಸಿದರೆ ಪಿಟೀಲು ಚೌಡಯ್ಯನವರನ್ನು ಸಾಕ್ಷಿಗೆ ಕರೆಯುತ್ತಾರೆ. ಬಿಡಾರಂ ಕೃಷ್ಣಪ್ಪನವರ ಶಿಷ್ಯ ಚೌಡಯ್ಯ (1895–1967), ಮೈಕಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದರು; 1943ರ 'ವಾಣಿ' ಸಿನಿಮಾದಲ್ಲೂ ಕಾಣಿಸಿಕೊಂಡರು. ಅವರ ವಿದ್ವತ್ತಿಗೆ ಕುಂದೇನೂ ಬರಲಿಲ್ಲ. ಹಾಗಾದರೆ ರಿದಂ ಪ್ಯಾಡ್ ಮಾಡಿದ ಪಾಪವೇನು? ಚೌಡಯ್ಯನವರ ಎದುರು ಕೂತವರು ರಾಗ ಕೇಳಲೆಂದೇ ಬಂದವರು ಎಂಬುದನ್ನು ನೆರೆಹೊರೆಯವರು ಯೋಚಿಸುತ್ತಾರೆ, ಹೇಳುವುದಿಲ್ಲ. ಹೇಳಿದರೆ ಹಾಡಿ ತೋರಿಸುತ್ತಾರೆ.

ಸ್ವಾತಂತ್ರ್ಯದ ವಿಷಯದಲ್ಲಿ ಇವರ ಆದರ್ಶ ಜಿ. ವಿ. ಅಯ್ಯರ್ ಅವರ 'ಹಂಸಗೀತೆ' (1975). ಅದರಲ್ಲಿ ಭೈರವಿ ವೆಂಕಟಸುಬ್ಬಯ್ಯ ಟಿಪ್ಪುವಿನ ಅಪ್ಪಣೆಗೆ ಹಾಡುವ ಬದಲು ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಪೆಂಡಾಲಿನ ಖರ್ಚು ಕೊಟ್ಟ ಮುಖಂಡರು ತಮ್ಮ ಹುಟ್ಟುಹಬ್ಬಕ್ಕೊಂದು ಹಾಡು ಕೇಳಿದಾಗಲೆಲ್ಲ ಇವರಿಗೆ ಈ ದೃಶ್ಯ ನೆನಪಾಗುತ್ತದೆ. ಆದರೆ ಐದನೇ ತಾರೀಖು ಬಾಡಿಗೆ ಕಟ್ಟಬೇಕು. ಹಾಡುತ್ತಾರೆ; ಮುಖಂಡರ ಹೆಸರು ಬರುವ ಕಡೆ ಮಾತ್ರ ಗಮಕ ಸ್ವಲ್ಪ ಜಾಸ್ತಿ.

ವಿ. ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣಪತಿ ಸಂಗೀತೋತ್ಸವ ಇಲ್ಲಿಂದ ದೂರವಲ್ಲ. ಕಾರ್ಯಕ್ರಮವಿಲ್ಲದ ಸಂಜೆ ಅಲ್ಲಿಗೆ ಹೋಗಿ, ತೊಡೆಯ ಮೇಲೆ ತಾಳ ಹಾಕುತ್ತ ಮಂಗಳದವರೆಗೂ ಕೂರುತ್ತಾರೆ. ವೇದಿಕೆಗೆ ಕರೆ ಬಂದದ್ದಿಲ್ಲ. ಆ ರಾತ್ರಿ ಕೇಳಿದ ತೋಡಿಯನ್ನು ಮರುದಿನ ಐದು ಗಂಟೆಗೆ ಗೋಡೆಯಾಚೆ ಹುಡುಕುವಾಗ, ಮಲಗಿದವರಿಗೂ ಒಂದೆರಡು ಕಡೆ "ಭೇಷ್" ಎನ್ನಬೇಕೆನಿಸುತ್ತದೆ. ಎಂದರೆ ನಾಲ್ಕೂವರೆಗೇ ಶುರುಮಾಡಿಯಾರೆಂದು ಯಾರೂ ಎನ್ನುವುದಿಲ್ಲ.

ಪಾಠಕ್ಕೆ ಬರುವ ಮಕ್ಕಳಲ್ಲಿ ಅರ್ಧ ಜನರಿಂದ ಫೀಸು ತೆಗೆದುಕೊಳ್ಳುವುದಿಲ್ಲ. ಗಣೇಶನ ಪೆಂಡಾಲಿನ ಬಾಕಿ ಹಣ ದಸರಾ ಕಳೆದ ಮೇಲೆ ಕೈಗೆ ಬರುತ್ತದೆ. ಅಷ್ಟರಲ್ಲಿ ರಾಜ್ಯೋತ್ಸವದ ಪೆಂಡಾಲಿಗೆ ಮಾತಾಗಿರುತ್ತದೆ.