ಮುಖಂಡರ ನಾಲಿಗೆ: ಬಳಕೆಯ ಕೈಪಿಡಿ

ಮಂಡ್ಯ ಜಿಲ್ಲೆಯ ಮಾಕವಳ್ಳಿಯಲ್ಲಿ ವೇದಿಕೆ ಹತ್ತುವ ಮುನ್ನ ಇದನ್ನೊಮ್ಮೆ ಪೂರ್ತಿ ಓದಿಕೊಳ್ಳಿ. ಸಾಧನಕ್ಕೆ ಎಲುಬಿಲ್ಲ, ಎತ್ತ ಬೇಕಾದರೂ ಹೊರಳುತ್ತದೆ. ಬಳಸಲು ಲೈಸೆನ್ಸ್ ಬೇಡ. ಸಂವಿಧಾನದ 19(1)(ಎ) ವಿಧಿ ಎಲ್ಲರಿಗೂ ಕೊಟ್ಟಿರುವಂಥದ್ದೇ. ನಿಮ್ಮದಕ್ಕೆ ಮೈಕು, ಟಿ.ವಿ. ಕ್ಯಾಮೆರಾ, ಹಿಂದೆ ನಿಂತು ಚಪ್ಪಾಳೆ ಹೊಡೆಯುವ ಹತ್ತಾರು ಜನ ಜೊತೆಗೆ ಬರುತ್ತಾರೆ, ಅಷ್ಟೇ ವ್ಯತ್ಯಾಸ.

ವಿಷಯದ ಆಯ್ಕೆ

ಇದು ಸಕ್ಕರೆ ಕಾರ್ಖಾನೆಯ ಊರು. ಎದುರಿಗೆ ಕೂತವರು ಕಬ್ಬಿನ ದರ ಕೇಳುತ್ತಾರೆ, ಕಟಾವು ಯಾವಾಗ ಅನ್ನುತ್ತಾರೆ, ನಾಲೆಗೆ ನೀರು ಬಿಡುವ ತಾರೀಖು ಕೇಳುತ್ತಾರೆ. ಉತ್ತರಿಸಲು ಹೋಗಬೇಡಿ. ಲೆಕ್ಕ ತಪ್ಪಿದರೆ ಅಲ್ಲೇ ಹಿಡಿದು ನಿಲ್ಲಿಸುವ ಜನ. ನೇರ 1799ಕ್ಕೆ ಹೋಗಿ. ಆ ವರ್ಷ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸತ್ತ. ಅಂದು ಅಲ್ಲಿದ್ದವರು ಯಾರೂ ನಿಮ್ಮ ಸಭೆಗೆ ಬಂದು ಆಕ್ಷೇಪ ಎತ್ತುವುದಿಲ್ಲ.

ಮಾದರಿ ಪ್ರಯೋಗ ಇಲ್ಲಿಯೇ ನಡೆದಿದೆ. ಟಿಪ್ಪುವನ್ನು ಕೊಂದವರು ಇಂಗ್ಲಿಷರಲ್ಲ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗರು ಎಂಬ ಮಾತು 2022ರ ನವೆಂಬರಿನಲ್ಲಿ ಮೈಸೂರಿನ ರಂಗಾಯಣದ ನಾಟಕವೊಂದರಲ್ಲಿ ರಂಗಕ್ಕೆ ಬಂತು. ನಾಟಕ ನಾಟಕವಾಗಿಯೇ ಇದ್ದಿದ್ದರೆ ಈ ಕೈಪಿಡಿಗೆ ಕೆಲಸವಿರಲಿಲ್ಲ. ಚುನಾವಣೆ ಹತ್ತಿರವಾದಂತೆ ಅದು ಭಾಷಣಕ್ಕೆ ಇಳಿಯಿತು. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಸಭೆಯೊಂದರಲ್ಲಿ ಆಗಿನ ಸಚಿವ ಅಶ್ವತ್ಥನಾರಾಯಣ, ಆ ಇಬ್ಬರು ಟಿಪ್ಪುವಿಗೆ ಮಾಡಿದ್ದನ್ನೇ ಸಿದ್ದರಾಮಯ್ಯನವರಿಗೂ ಮಾಡಬೇಕು ಎಂಬರ್ಥದಲ್ಲಿ ಮಾತಾಡಿದರು. ಮಾರ್ಚ್ 12ರಂದು ಹೆದ್ದಾರಿ ಉದ್ಘಾಟನೆಗೆ ಪ್ರಧಾನಿ ಮಂಡ್ಯಕ್ಕೆ ಬರುವಾಗ ಅದೇ ಇಬ್ಬರ ಹೆಸರಿನ ದ್ವಾರ ಎದ್ದಿತು. ಗದ್ದಲವಾಯಿತು. ಹೆಸರು ಬದಲಾಗಿ ಆದಿಚುಂಚನಗಿರಿ ಮಠದ ಬಾಲಗಂಗಾಧರನಾಥ ಸ್ವಾಮೀಜಿಯ ದ್ವಾರವಾಯಿತು. ಆಗಿನ ಸಚಿವ ಮುನಿರತ್ನ ಸಿನಿಮಾ ಮಾಡುವುದಾಗಿಯೂ ಹೇಳಿದರು. ಇಬ್ಬರಿಗೂ ಪ್ರಾಣ ಬಂತು, ದ್ವಾರ ಬಂತು, ಸಿನಿಮಾದ ಮಾತೂ ಬಂತು. ಬಾರದೆ ಉಳಿದದ್ದು ದಾಖಲೆ.

ಮಾತು ಕೈಮೀರಿದಾಗ

ಗಾಬರಿ ಬೇಡ. ನಾನು ಹೇಳಿದ್ದು ಚುನಾವಣೆಯಲ್ಲಿ ಸೋಲಿಸಿ ಎಂದು ಅನ್ನಿ. ಇಲ್ಲವೇ ಮಾಧ್ಯಮದವರು ತಿರುಚಿದರು ಅನ್ನಿ. ಕ್ಯಾಮೆರಾ ಎದುರಿಗೇ ಹೇಳಿದ್ದರಂತೂ ವಿಷಾದ ವ್ಯಕ್ತಪಡಿಸಿ ಮುಂದಿನ ಸಭೆಗೆ ಹೊರಡಿ. ಅಶ್ವತ್ಥನಾರಾಯಣರೂ ವಿಷಾದ ಹೇಳಿದರು.

ಪೊಲೀಸಿನ ಭಯವೂ ಬೇಡ. ಆ ಮಾತಿನ ಮೇಲೆ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ಕೊಟ್ಟ ದೂರಿಗೆ ಎಫ್‌ಐಆರ್ ಆದದ್ದು ಮೇ ತಿಂಗಳಲ್ಲಿ, ಸರ್ಕಾರ ಬದಲಾದ ಮೇಲೆ. ಹೈಕೋರ್ಟ್ ಅದಕ್ಕೂ ತಡೆ ಕೊಟ್ಟಿತು. ನಿಮ್ಮವರು ಆಳುವಾಗ ಮಲಗಿ, ಅವರು ಬಂದಾಗ ಏಳುವ ಕಾನೂನಿನಿಂದ ಯಾರ ನಾಲಿಗೆಯೂ ನೆಟ್ಟಗಾಗುವುದಿಲ್ಲ.

ಖಾತರಿ

ಮಂತ್ರಿಗಳಿಗೆ ವಿಶೇಷ ಖಾತರಿಯುಂಟು. 2023ರ ಜನವರಿ 3ರಂದು ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ, ನಾಲ್ವರ ಬಹುಮತದಿಂದ, ಮಂತ್ರಿಯ ಮಾತನ್ನು ಸಾಮೂಹಿಕ ಹೊಣೆಯ ಹೆಸರಿನಲ್ಲಿ ಸರ್ಕಾರದ ತಲೆಗೆ ಕಟ್ಟಲಾಗದು ಎಂದಿತು. ಒಬ್ಬರು ಮಾತ್ರ ಒಪ್ಪಲಿಲ್ಲ. ಮಾತು ಆಡಳಿತಕ್ಕೆ ಸಂಬಂಧಿಸಿದ್ದಾಗಿ, ಸರ್ಕಾರದ ನಿಲುವನ್ನೇ ಹೇಳುವಂತಿದ್ದರೆ ಹೊಣೆ ಸರ್ಕಾರದ್ದೇ, ಬಾಯಿಗೆ ಬಂದಂತೆ ಆಡಿದ್ದಾದರೆ ಆಡಿದವರದ್ದು ಎಂದು ಬರೆದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಪಕ್ಷಗಳು ತಮ್ಮವರ ಮಾತಿಗೊಂದು ನೀತಿಸಂಹಿತೆ ಮಾಡಿಕೊಳ್ಳಲಿ ಎಂದೂ ಅವರು ಹೇಳಿದ್ದಾರೆ. ಅವರ ತಂದೆ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯ, ಇಲ್ಲೇ ಪಾಂಡವಪುರ ತಾಲ್ಲೂಕಿನ ಇಂಗಲಗುಪ್ಪೆಯವರು. ನಮ್ಮ ಕಡೆಯ ಭಾಷಣಗಳ ಪರಿಚಯ ಆ ಮನೆಗೆ ಇದ್ದೀತು.

ಸದನದ ಒಳಗೆ ಆಡಿದ ಮಾತಾದರೆ ಕೋರ್ಟಿನಿಂದ ಕಾಯಲು ಸಂವಿಧಾನದ 194(2)ನೇ ವಿಧಿಯ ಕೊಡೆಯೂ ಇದೆ.

ಮತದಾರರ ಬಗ್ಗೆ ಖಾತರಿ ಕೊಡಲಾಗದು. ನಟ, ಮಂಡ್ಯದ ಮಾಜಿ ಸಂಸದ ಅಂಬರೀಶ್ ತೀರಿಕೊಂಡು ನಾಲ್ಕು ತಿಂಗಳೂ ತುಂಬಿರಲಿಲ್ಲ. ಗಂಡ ಸತ್ತ ಇಷ್ಟು ಬೇಗ ರಾಜಕಾರಣ ಯಾಕೆ ಎಂಬಂತೆ ಆಗಿನ ಸಚಿವ ಎಚ್.ಡಿ. ರೇವಣ್ಣ ಅವರ ಪತ್ನಿ ಸುಮಲತಾ ಬಗ್ಗೆ ಮಾತಾಡಿದರು. 2019ರ ಲೋಕಸಭೆ ಚುನಾವಣೆಯಲ್ಲಿ ಮಂಡ್ಯ ಸುಮಲತಾರನ್ನು 1,25,876 ಮತಗಳಿಂದ ಗೆಲ್ಲಿಸಿತು. 2021ರಲ್ಲಿ ಎಚ್.ಡಿ. ಕುಮಾರಸ್ವಾಮಿ, ಕೆಆರ್‌ಎಸ್ ಅಣೆಕಟ್ಟೆಯ ಸೋರಿಕೆ ನಿಲ್ಲಬೇಕಾದರೆ ಸಂಸದೆಯನ್ನೇ ಅಡ್ಡ ಮಲಗಿಸಬೇಕು ಎಂಬರ್ಥದ ಮಾತಾಡಿದರು. 2024ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳಿಂದ ಹಳ್ಳಿಯ ಹೆಣ್ಣುಮಕ್ಕಳು ದಾರಿ ತಪ್ಪುತ್ತಿದ್ದಾರೆ ಎಂದು ಹೇಳಿ, ಆಮೇಲೆ ವಿಷಾದಿಸಿದರು. ಅದೇ ಮಂಡ್ಯ ಅವರನ್ನು 2,84,620 ಮತಗಳಿಂದ ಗೆಲ್ಲಿಸಿತು. ಮತಯಂತ್ರ ಜಾತಿ ನೋಡುತ್ತದೆ, ಮೈತ್ರಿ ನೋಡುತ್ತದೆ, ಮಾತನ್ನೂ ಒಮ್ಮೊಮ್ಮೆ ನೋಡುತ್ತದೆ.

ಎಚ್ಚರಿಕೆ

ಈ ಸಾಧನ ಒಂದೇ ಸಂದರ್ಭದಲ್ಲಿ ಕೆಡುತ್ತದೆ, ಅದಕ್ಕೆ ರಿಪೇರಿ ಇಲ್ಲ: ಎದುರಿಗಿದ್ದವರು ಆಧಾರ ಕೇಳಿದಾಗ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಮಾಡಿದ್ದು ಅಷ್ಟೇ. ದೂರು ಕೊಡಲಿಲ್ಲ, ಧರಣಿ ಕೂರಲಿಲ್ಲ. ಶಾಸನವೋ ದಾಖಲೆಯೋ ಇದ್ದರೆ ತಂದುಕೊಡಿ, ಅಲ್ಲಿಯವರೆಗೆ ಹೇಳಿಕೆ ನಿಲ್ಲಿಸಿ ಎಂದರು. 2023ರ ಮಾರ್ಚ್ 20ರಂದು ಅವರನ್ನು ಕಂಡು ಬಂದ ಮುನಿರತ್ನ ಸಿನಿಮಾ ಕೈಬಿಟ್ಟರು. ಕೋರ್ಟು, ಠಾಣೆ, ಆಯೋಗ ಯಾವುದರಿಂದಲೂ ಆಗದ ಕೆಲಸ ಒಂದು ಪ್ರಶ್ನೆಯಿಂದ ಆಯಿತು.

ಮಂತ್ರಿ ಮಣಿದದ್ದು ಪ್ರಶ್ನೆಗೋ, ಮಠದ ಹಿಂದಿರುವ ಒಕ್ಕಲಿಗರ ಮತಗಳಿಗೋ? ಎರಡನೆಯದೇ ಎಂದು ನನಗನ್ನಿಸುತ್ತದೆ. ಮಠ ಸುಮ್ಮನಿದ್ದಿದ್ದರೆ ಆ ಸಿನಿಮಾ ತೆರೆಗೇ ಬರುತ್ತಿತ್ತೇನೋ. ಆದ್ದರಿಂದ ಈ ಪುಟವನ್ನು ಮುಖಂಡರು ಓದಬೇಕಿಲ್ಲ. ಇದು ಶಾಮಿಯಾನದ ಕೆಳಗೆ ಕೂತ ಮಾಕವಳ್ಳಿಯವರಿಗೆ. ಯಾರ ಬಾಯಿಯನ್ನೂ ಮುಚ್ಚಿಸಬೇಡಿ, ಕಲ್ಲು ಎತ್ತಬೇಡಿ, ಚಪ್ಪಾಳೆ ಮಾತ್ರ ಸ್ವಲ್ಪ ತಡೆಯಿರಿ. ಎದ್ದು ನಿಂತು, ‘ಸ್ವಾಮಿ, ಇದು ಯಾವ ಪುಸ್ತಕದಲ್ಲಿದೆ, ಯಾವ ಪುಟ?’ ಎಂದು ಕೇಳಿ. ಉತ್ತರ ಬಾರದಿದ್ದರೆ, ಕೂರುವ ಮೊದಲು ಕಬ್ಬಿನ ದರವನ್ನೂ ಕೇಳಿಬಿಡಿ.